ನಾಲ್ಕು ಕೆರೆಗಳ ಸುತ್ತು



ಪ್ರವಾಸ ಎಂದರೆ ಕೈತುಂಬ ಕಾಸಿದ್ದವರ ಮಾತು ಎಂಬ ಭಾವನೆ ನಮ್ಮ ಗಡಿಯ ಹಳ್ಳಿಗಳಲ್ಲಿ ಇನ್ನೂ ಹೋಗಿಲ್ಲ. ಊಟಿಗೆ ಹೋಗಿ ಬಂದ ನೆಂಟರು ದೋಣಿಗೆ ಇಷ್ಟು ಕೊಟ್ಟೆವು, ಕೋಣೆಗೆ ಅಷ್ಟು ಸುರಿದೆವು ಎಂದು ಲೆಕ್ಕ ಒಪ್ಪಿಸುವುದನ್ನು ಕೇಳಿದರೆ, ಹೊರಟು ನಿಂತವರೂ ಚೀಲ ಕೆಳಗಿಟ್ಟುಬಿಡುತ್ತಾರೆ. ಆದರೆ ನಾಲ್ವರು ಗೆಳೆಯರು, ಎರಡು ಬೈಕು ಅಥವಾ ಬಸ್ಸಿನ ತಾಳ್ಮೆ, ನಾಲ್ಕು ದಿನಗಳ ಬಿಡುವು ಇಷ್ಟಿದ್ದರೆ ಮೂರು ರಾಜ್ಯಗಳನ್ನು ಹಾದು ನಾಲ್ಕು ನೀರಿನ ಊರುಗಳನ್ನು ಸುತ್ತಿ ಬರಬಹುದು. ಆ ದಾರಿಯನ್ನು ಇಂದು ನಿಮ್ಮ ಮುಂದಿಡುತ್ತೇನೆ. ನಾನು ತಾಳವಾಡಿಯಿಂದ ಹೊರಟು ತಾಳವಾಡಿಗೇ ಮರಳುವಂತೆ ಹೇಳುತ್ತೇನೆ. ವಯನಾಡಿನವರು, ಗೂಡಲೂರಿನ ಕಡೆಯವರು ತಮ್ಮ ಊರು ಬಂದಲ್ಲಿ ಸುತ್ತಿಗೆ ಸೇರಿಕೊಳ್ಳಬಹುದು.

ಈ ದಾರಿಯಲ್ಲಿ ನಮಗೆ ಒಂದು ದೊಡ್ಡ ಅನುಕೂಲವಿದೆ. ದೂರದ ಪ್ರವಾಸಿಗೆ ಬೇಕಾಗುವ ಮಾರ್ಗದರ್ಶಿ ನಮಗೆ ಬೇಕಿಲ್ಲ. ಕನ್ನಡ, ತಮಿಳು ಎರಡೂ ಬಾಯಲ್ಲಿವೆ. ಮಲಯಾಳ ಕಿವಿಗಾದರೂ ಗೊತ್ತು. ಆದರೆ ಒಂದು ಮಾತು ನೆನಪಿರಲಿ. ನಾವು ಏರಿ ಎಂದರೆ ಕೆರೆಯ ಕಟ್ಟೆ, ತಮಿಳಿನಲ್ಲಿ ಏರಿ ಎಂದರೆ ಕೆರೆಯೇ. ಪೂಕೋಡಿನಲ್ಲಿ ಅದು ತಡಾಕ, ನಮ್ಮ ಹಳೆಯ ಶಾಸನಗಳ ತಟಾಕ. ಗಡಿ ದಾಟಿದಂತೆ ಮಾತು ಕೂಡ ದಂಡೆಯಿಂದ ನೀರಿಗೆ ಇಳಿಯುತ್ತದೆ!

ಮೊದಲು ದುಡ್ಡಿನ ಲೆಕ್ಕ ಮುಗಿಸೋಣ. ಸುತ್ತಿನ ಒಟ್ಟು ದೂರ ಸುಮಾರು 450 ಕಿಲೋಮೀಟರು. ಆಚೀಚೆ ಹೋಗುವುದನ್ನೂ ಸೇರಿಸಿ 500 ಎಂದಿಟ್ಟುಕೊಳ್ಳಿ. ಲೀಟರಿಗೆ 45 ಕಿಲೋಮೀಟರು ಕೊಡುವ ಬೈಕಿಗೆ 11 ಲೀಟರ್ ಪೆಟ್ರೋಲು, ಎರಡು ಬೈಕಿಗೆ 22. ಲೀಟರಿಗೆ ನೂರು ರೂಪಾಯಿಯ ಆಸುಪಾಸು ಹಿಡಿದರೆ ತಲೆಗೆ 550 ರೂಪಾಯಿ. ಲೀಟರಿಗೆ 15 ಕಿಲೋಮೀಟರು ಓಡುವ ಕಾರಾದರೆ 33 ಲೀಟರಿಗೂ ಸ್ವಲ್ಪ ಹೆಚ್ಚು, ತಲೆಗೆ 850ರ ಹತ್ತಿರ. ಬಾಡಿಗೆ ಕಾರು ಬೇಡವೇ ಬೇಡ. ಚಾಲಕನ ಬತ್ತೆಯೂ ರಾಜ್ಯ ದಾಟುವ ಪರ್ಮಿಟ್ಟೂ ಸೇರಿ ಪೆಟ್ರೋಲಿಗಿಂತ ಮೇಲೆ ಹೋಗುತ್ತವೆ. ಪೂರ್ತಿ ಬಸ್ಸಿನಲ್ಲೇ ಹೋಗುವುದೂ ಸಾಧ್ಯ, ಮೂರೂ ರಾಜ್ಯದ ಸರ್ಕಾರಿ ಬಸ್ಸುಗಳು ಈ ದಾರಿಯಲ್ಲಿ ಓಡುತ್ತವೆ. ಹಣವನ್ನು ಮೊದಲೇ ಸಮನಾಗಿ ಹಾಕಿ ಒಬ್ಬನ ಕೈಗೆ ಕೊಡಿ, ಅವನ ಜೇಬಿನಲ್ಲಿ ಒಂದು ಚಿಕ್ಕ ಪುಸ್ತಕವಿರಲಿ. ಗೆಳೆತನ ಕೆಡುವುದು ದೊಡ್ಡ ಖರ್ಚಿನಿಂದಲ್ಲ, ನಾಲ್ಕು ಚಹಾದ ದುಡ್ಡು ಯಾರು ಕೊಟ್ಟರು ಎಂಬಲ್ಲಿ.

ಕಾಲ ಯಾವುದು? ಏಪ್ರಿಲ್, ಮೇ ಬೇಡ. ಊಟಿಯಲ್ಲಿ ಕೋಣೆಯ ಬೆಲೆ ಆಗ ಬೆಟ್ಟಕ್ಕಿಂತ ಎತ್ತರ. ಜೂನ್‌ನಿಂದ ವಯನಾಡಿನ ಮಳೆ, ಅಕ್ಟೋಬರ್, ನವೆಂಬರಿನಲ್ಲಿ ಕುನ್ನೂರು, ಕೋತಗಿರಿ ಘಾಟಿಗಳಲ್ಲಿ ಮಣ್ಣು ಕುಸಿಯುವ ಭಯ. ಜನವರಿ ಒಳ್ಳೆಯದು, ಅದರಲ್ಲೂ ವಾರದ ನಡುವಿನ ದಿನಗಳು. ಚಳಿಗೆ ಕಂಬಳಿ ಹೊದ್ದರಾಯಿತು.

ಮೊದಲ ದಿನ ಬೆಳಿಗ್ಗೆ ತಾಳವಾಡಿ ಬಿಟ್ಟು ಚಾಮರಾಜನಗರದ ಮೇಲೆ ಗುಂಡ್ಲುಪೇಟೆಯ ದಾರಿ ಹಿಡಿದರೆ ನಡುವೆ ತೆರಕಣಾಂಬಿ ಸಿಗುತ್ತದೆ. ನಿಲ್ಲಿಸಿ ಚಹಾ ಕುಡಿಯಿರಿ, ಊರಿನ ಹೆಸರನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ನಾಲ್ಕನೆಯ ದಿನ ಅದು ಮತ್ತೆ ಬೇಕಾಗುತ್ತದೆ. ಗುಂಡ್ಲುಪೇಟೆಯಿಂದ ಬತ್ತೇರಿಗೆ ಬಂಡೀಪುರ, ಮುತ್ತಂಗ ಕಾಡಿನ ದಾರಿ. 2009ರಿಂದ ಇಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಓಡುವಂತಿಲ್ಲ. ಹಗಲಲ್ಲೂ ಕಾಡಿನ ನಡುವೆ ಬೈಕು ನಿಲ್ಲಿಸಿ ಫೋಟೋ ತೆಗೆಯುವ ಚಪಲ ಬೇಡ. ಆನೆಗೆ ನಮ್ಮ ಬಡತನದ ಪ್ರವಾಸದ ಮೇಲೆ ಕನಿಕರವಿಲ್ಲ. ಸುಲ್ತಾನ್ ಬತ್ತೇರಿಯಲ್ಲಿ ಹಳೆಯ ಜೈನ ಬಸದಿ ನೋಡಬಹುದು. ಟಿಪ್ಪು ಅಲ್ಲಿ ಮದ್ದುಗುಂಡು ಇರಿಸಿದ್ದರಿಂದ ಊರಿಗೆ ಬತ್ತೇರಿ ಎಂಬ ಹೆಸರು ಬಂತು. ಕರ್ನಾಟಕದ ಕಡೆಯಿಂದ ಬಂದು ವಯನಾಡಿನಲ್ಲಿ ನೆಲೆ ನಿಂತ ಜೈನ ಮನೆತನಗಳ ನೆನಪೂ ಆ ಕಲ್ಲುಗಳಲ್ಲಿದೆ.

ಮಧ್ಯಾಹ್ನದ ಹೊತ್ತಿಗೆ ಕಲ್ಪೆಟ್ಟ ದಾಟಿ ವೈತಿರಿಯ ಬಳಿ ಪೂಕೋಡು. ನಮ್ಮ ನಾಲ್ಕು ನೀರುಗಳಲ್ಲಿ ಮನುಷ್ಯ ಕಟ್ಟದೆ ತಾನಾಗಿ ಹುಟ್ಟಿದ್ದು ಇದೊಂದೇ. ಸುತ್ತ ಕಾಡು, ನೀರಿನಲ್ಲಿ ನೈದಿಲೆ, ದಂಡೆಯನ್ನು ಬಳಸಿ ಹೋಗುವ ಕಾಲುದಾರಿ. ಭಾರತದ ನಕಾಶೆಯ ಆಕಾರದಲ್ಲಿದೆ ಎಂದು ಎಲ್ಲರೂ ತೋರಿಸುತ್ತಾರೆ. ದಂಡೆಯಲ್ಲಿ ನಿಂತವನಿಗೆ ಕಾಣುವುದು ಕೆರೆ ಮಾತ್ರ. ಈ ಕೆರೆಯಲ್ಲಿ ಕಂಡುಬಂದ ಒಂದು ಪುಟ್ಟ ಮೀನಿನ ಜಾತಿಗೆ ವಿಜ್ಞಾನಿಗಳು ಪೂಕೋಡಿನ ಹೆಸರನ್ನೇ ಇಟ್ಟಿದ್ದಾರೆ. ದೋಣಿಯಲ್ಲಿ ಕೂರಲೇಬೇಕು ಎನ್ನುವವರು ಇಲ್ಲೇ ಕೂತುಬಿಡಿ. ಕೆರೆ ಚಿಕ್ಕದು, ತುಳಿಯುವ ದೋಣಿಯಲ್ಲೇ ಪೂರ್ತಿ ಸುತ್ತಬಹುದು.

ಇಲ್ಲಿಂದ ಹೊರಬೀಳುವ ಸಣ್ಣ ತೊರೆಯನ್ನು ನೋಡದೆ ಬರಬೇಡಿ. ಅದು ಪನಮರಂ ಹೊಳೆಯಾಗಿ, ಮುಂದೆ ಕಬಿನಿಯಾಗಿ, ನಂಜನಗೂಡಿನಲ್ಲಿ ಕಪಿಲೆಯೆಂದು ಕೈಮುಗಿಸಿಕೊಂಡು, ತಿರುಮಕೂಡಲು ನರಸೀಪುರದಲ್ಲಿ ಕಾವೇರಿ ಸೇರುತ್ತದೆ. ಪೂಕೋಡಿನಿಂದ ಕೆಲವೇ ಕಿಲೋಮೀಟರು ಮುಂದೆ ಲಕ್ಕಿಡಿಯಲ್ಲಿ ಘಾಟಿಯ ಅಂಚು. ಆ ಅಂಚಿನಾಚೆ ಬಿದ್ದ ಮಳೆ ಅರಬ್ಬಿ ಸಮುದ್ರಕ್ಕೆ, ಈಚೆ ಬಿದ್ದದ್ದು ನಮ್ಮ ಗದ್ದೆಗೆ. ಎರಡು ಸಮುದ್ರಗಳ ನಡುವಿನ ತೀರ್ಮಾನ ಒಂದು ಬೆಟ್ಟದ ಬೆನ್ನಿನ ಮೇಲೆ ಆಗುತ್ತದೆ. ರಾತ್ರಿ ಕಲ್ಪೆಟ್ಟದಲ್ಲಿ ಒಂದೇ ಕೋಣೆಯಲ್ಲಿ ನಾಲ್ವರೂ ಮಲಗಿ. ಕೆರೆಯ ಪಕ್ಕದ ರೆಸಾರ್ಟುಗಳು ನಮಗಲ್ಲ.

ಎರಡನೆಯ ದಿನದ ದಾರಿ ಮೇಪ್ಪಾಡಿ, ವಡುವಂಚಾಲ್, ಚೇರಂಬಾಡಿ, ಪಂದಲೂರಿನ ಮೇಲೆ ಗೂಡಲೂರಿಗೆ. ಎಲ್ಲೆಲ್ಲೂ ಚಹಾ ತೋಟ. ಮೇಪ್ಪಾಡಿ ಪಂಚಾಯತಿಯ ಮುಂಡಕ್ಕೈ, ಚೂರಲ್‌ಮಲ ಊರುಗಳಲ್ಲಿ 2024ರ ಜುಲೈ 30ರ ನಸುಕಿನಲ್ಲಿ ಬೆಟ್ಟವೇ ಜಾರಿ ಬಂದು ಇನ್ನೂರೈವತ್ತಕ್ಕೂ ಹೆಚ್ಚು ಜನ ಸತ್ತರು. ಅದು ನೋಡಲು ಹೋಗುವ ಜಾಗವಲ್ಲ. ದಾರಿ ಬದಿಯಲ್ಲಿ ಚಹಾ ಕುಡಿದು ಆ ಅಂಗಡಿಯವನಿಗೆ ನಾಲ್ಕು ಕಾಸು ಕೊಟ್ಟು ಮುಂದೆ ಹೋಗಿ. ಗೂಡಲೂರಿನಲ್ಲಿ ಮೈಸೂರು, ಊಟಿ, ಕೇರಳದ ದಾರಿಗಳು ಕೂಡುತ್ತವೆ; ಸಂತೆಯಲ್ಲಿ ಮೂರು ಭಾಷೆಯೂ ಕಿವಿಗೆ ಬೀಳುತ್ತವೆ. ಎರಡನೆಯ ರಾತ್ರಿ ಇಲ್ಲೇ ಉಳಿಯಿರಿ ಎಂಬುದು ನನ್ನ ಸಲಹೆ. ಊಟಿಯನ್ನು ಹಗಲು ನೋಡಿ, ರಾತ್ರಿಯ ಬಾಡಿಗೆ ಅಲ್ಲಿ ಕೊಡಬೇಡಿ. ಇಡೀ ಸುತ್ತಿನಲ್ಲಿ ಹೆಚ್ಚು ಹಣ ಉಳಿಯುವುದು ಈ ಒಂದು ತೀರ್ಮಾನದಿಂದ.

ನೀಲಗಿರಿ ಏರುವ ಮೊದಲು ಎರಡು ಮಾತು. 2024ರ ಮೇ 7ರಿಂದ ಮದ್ರಾಸ್ ಹೈಕೋರ್ಟಿನ ಆದೇಶದಂತೆ ಹೊರಗಿನ ವಾಹನಗಳಿಗೆ ಇ-ಪಾಸ್ ಬಂದಿತು. ನಮ್ಮ ಬೈಕು ತಮಿಳುನಾಡಿನದೇ ಆದರೂ ನೀಲಗಿರಿಯ ನೋಂದಣಿಯಲ್ಲದಿದ್ದರೆ ಅದು ಹೊರಗಿನದೇ. ಸರ್ಕಾರಿ ಬಸ್ಸಿನಲ್ಲಿ ಹೋಗುವವರಿಗೆ ಈ ತೊಡಕಿಲ್ಲ. ನಿಯಮ ಆಗಾಗ ತಿದ್ದುಪಡಿಯಾಗುವುದರಿಂದ ಹೊರಡುವ ವಾರ ವಿಚಾರಿಸಿಕೊಳ್ಳಿ. ಇನ್ನೊಂದು, ಪ್ಲಾಸ್ಟಿಕ್ ನೀರಿನ ಬಾಟಲಿ ಈ ಜಿಲ್ಲೆಯಲ್ಲಿ ನಿಷಿದ್ಧ. ಮನೆಯ ಸ್ಟೀಲ್ ಕೂಜ ತೆಗೆದುಕೊಂಡು ಹೋದರೆ ದಂಡವೂ ಉಳಿಯಿತು, ನೀರು ಕೊಳ್ಳುವ ಕಾಸೂ ಉಳಿಯಿತು.

ಮೂರನೆಯ ದಿನ ಬೆಳಕು ಹರಿಯುವಾಗಲೇ ಗೂಡಲೂರು ಬಿಟ್ಟರೆ ಮಂಜು ಏಳುವ ಮೊದಲೇ ಪೈಕಾರ. ಮುಕುರ್ತಿ ಬೆಟ್ಟದ ಕಡೆಯಿಂದ ಇಳಿದು ಬರುವ ಪೈಕಾರ ಹೊಳೆ ತೋಡರಿಗೆ ಪವಿತ್ರ. ಅದಕ್ಕೆ ಕಟ್ಟೆ ಹಾಕಿ, ನೀರನ್ನು ಕೊಳವೆಯಲ್ಲಿ ಮೂರು ಸಾವಿರ ಅಡಿಗೂ ಹೆಚ್ಚು ಕೆಳಗೆ ಸಿಂಗಾರಕ್ಕೆ ಧುಮುಕಿಸಿ 1932ರಲ್ಲಿ ವಿದ್ಯುತ್ತು ತೆಗೆದರು. ಶಿವನಸಮುದ್ರದ ವಿದ್ಯುತ್ತು 1902ರದು. ಅದು ಕೋಲಾರದ ಚಿನ್ನದ ಗಣಿಗೆ ಹೋಯಿತು. ಪೈಕಾರದ್ದು ಕೊಯಮತ್ತೂರಿಗೆ ಹೋಯಿತು. ಅಲ್ಲಿ ಒಂದಾದ ಮೇಲೊಂದು ನೂಲಿನ ಗಿರಣಿ ಎದ್ದದ್ದು, ಬಾವಿಗೆ ಪಂಪು ಕೂತದ್ದು ಈ ನೀರಿನ ಬಲದಿಂದ. ನಮ್ಮ ಗಡಿಯ ಎಷ್ಟೋ ಮನೆಗಳಿಂದ ಗಿರಣಿ ಕೆಲಸಕ್ಕೆ ಹೋದವರಿದ್ದಾರೆ. ಅವರ ಕೂಲಿಯ ಮೂಲ ಈ ತಣ್ಣನೆಯ ಕೆರೆಯಲ್ಲಿದೆ ಎಂದು ತಿಳಿದು ನೋಡಿದರೆ ನೋಟವೇ ಬೇರೆ. ಇಲ್ಲಿ ಮೋಟಾರು ದೋಣಿಯ ಬಾಡಿಗೆ ತಲೆಗಲ್ಲ, ದೋಣಿಗೆ. ಬೇಕೇ ಬೇಕು ಎನಿಸಿದರೆ ಇನ್ನೊಂದು ನಾಲ್ವರ ಗುಂಪನ್ನು ಜೊತೆಗೂಡಿಸಿಕೊಳ್ಳಿ, ಖರ್ಚು ಅರ್ಧ.

ಅಲ್ಲಿಂದ ಊಟಿ ಇಪ್ಪತ್ತು ಕಿಲೋಮೀಟರಿನ ಹತ್ತಿರ. ಊಟಿಯ ಕೆರೆ ಬೆಟ್ಟದಷ್ಟೇ ಹಳೆಯದೆಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 1823ರಿಂದ 1825ರ ನಡುವೆ, ದೊಡ್ಡಬೆಟ್ಟದ ಕಡೆಯಿಂದ ಇಳಿಯುವ ತೊರೆಗಳಿಗೆ ಅಡ್ಡ ಕಟ್ಟಿಸಿ ಮಾಡಿದ್ದು. ಆಗ ಕೆರೆ ಈಗಿನದಕ್ಕಿಂತ ಬಹಳ ದೊಡ್ಡದಿತ್ತು. ಬಸ್ ನಿಲ್ದಾಣ, ಕುದುರೆ ಜೂಜಿನ ಬಯಲು ಎಲ್ಲ ಕೆರೆಯ ಅಂಗಳದಲ್ಲೇ ಎದ್ದವು. ಉಳಿದದ್ದು ಸುಮಾರು 65 ಎಕರೆ. ನೀವು ಬಸ್ಸಿಳಿದು ಕಾಲಿಡುವ ನೆಲ ಒಂದು ಕಾಲಕ್ಕೆ ನೀರು. ಊರಿನ ಕೊಳಚೆಯೂ ಈ ಕೆರೆಗೆ ಸೇರುತ್ತ ಬಂದಿದೆ. ದೋಣಿಮನೆಯ ಗದ್ದಲ, ಕುದುರೆ ಸವಾರಿ, ಚಾಕಲೇಟು ಅಂಗಡಿ ಇವುಗಳಿಗೆ ಒಂದು ತಾಸು ಸಾಕು. ಕೆರೆಯನ್ನು ಬಳಸುವ ರಸ್ತೆಯಲ್ಲಿ ಕಾಲ್ನಡಿಗೆಯಲ್ಲಿ ಹೋದರೆ ಟಿಕೆಟ್ಟಿಲ್ಲದೆಯೇ ನೀರು ಕಾಣುತ್ತದೆ.

ಕೇಳುಗರೇ, ಈಗ ಒಂದು ಪ್ರಶ್ನೆ. ಈ ಎರಡು ಕೆರೆಗಳ ನೀರು ಎಲ್ಲಿ ಹೋಗುತ್ತದೆ? ಪೈಕಾರ ಹೊಳೆ ಇಳಿದು ಮೋಯಾರ್ ಆಗುತ್ತದೆ. ಊಟಿ ಕೆರೆಯಿಂದ ಹೊರಬಿದ್ದ ನೀರು ಕಾಮರಾಜಸಾಗರಕ್ಕೆ ಹೋಗಿ, ಅಲ್ಲಿಂದ ಕೆಳಗೆ ಅದೂ ಮೋಯಾರಿಗೇ. ಮುದುಮಲೆ, ಬಂಡೀಪುರದ ನಡುವೆ ಆಳವಾದ ಕಂದರ ಕೊರೆದು, ನಮ್ಮ ತಲಮಲೆಯ ಬುಡದಲ್ಲಿ ತೆಂಗುಮರಹಾಡಾದ ಪಕ್ಕ ಹರಿಯುವ ಮೋಯಾರ್ ಇದೇ. ಊಟಿಯಲ್ಲಿ ಪ್ರವಾಸಿ ಎಸೆದ ಕವರು, ಹೊಟೇಲಿನ ಚರಂಡಿ, ತೋಟದ ಔಷಧ ಎಲ್ಲ ಈ ದಾರಿಯಲ್ಲೇ ಇಳಿಯಬೇಕು. ಮೊದಲು ಕುಡಿಯುವುದು ಕಾಡಿನ ಪ್ರಾಣಿ, ಆಮೇಲೆ ದನ, ಆಮೇಲೆ ನಾವು.

ಸಂಜೆ ಮೆಟ್ಟುಪಾಳ್ಯಕ್ಕೆ ಇಳಿಯಿರಿ. ಬೇಸಿಗೆಯ ಜನಜಂಗುಳಿಯಲ್ಲಿ ಕುನ್ನೂರಿನ ದಾರಿ ಹತ್ತುವವರಿಗೆ, ಕೋತಗಿರಿಯ ದಾರಿ ಇಳಿಯುವವರಿಗೆ ಎಂದು ಪೊಲೀಸರು ಬಿಡುತ್ತಾರೆ. ಹೇಗಿದ್ದರೂ ಕೋತಗಿರಿಯ ಕಡೆಯೇ ಇಳಿದರೆ ಬಡಗರ ಹಟ್ಟಿಗಳನ್ನು ಹಾದು ಬರಬಹುದು. ಬಡಗ ಎಂದರೆ ಬಡಗಣದವನು. ಮೈಸೂರು ಸೀಮೆಯಿಂದ ಬಂದವರು ಎಂಬುದು ಹೆಸರಲ್ಲೇ ಇದೆ. ಅವರಾಡುವ ಮಾತಿಗೆ ಸ್ವಲ್ಪ ಹೊತ್ತು ಕಿವಿಗೊಟ್ಟರೆ ಅರ್ಧ ನಮ್ಮದೇ ಎನಿಸುತ್ತದೆ.

ನಾಲ್ಕನೆಯ ದಿನ ಭವಾನಿಸಾಗರ. ಮೋಯಾರ್ ಮತ್ತು ಭವಾನಿ ಕೂಡುವಲ್ಲಿ 1948ರಲ್ಲಿ ಕೆಲಸ ತೊಡಗಿ 1955ರಲ್ಲಿ ಮುಗಿದ ಮಣ್ಣಿನ ಅಣೆಕಟ್ಟು, ಉದ್ದ ಎಂಟು ಕಿಲೋಮೀಟರಿಗೂ ಮೇಲೆ. ಈರೋಡು, ತಿರುಪ್ಪೂರು, ಕರೂರು ಜಿಲ್ಲೆಗಳ ಎರಡು ಲಕ್ಷ ಎಕರೆಗೂ ಹೆಚ್ಚು ನೆಲಕ್ಕೆ ಇದರ ಕಾಲುವೆ ನೀರು. ಕಟ್ಟೆಯ ಮೇಲೆ ಸುಮ್ಮನೆ ಹತ್ತಲು ಬಿಡುವುದಿಲ್ಲ. ಕೆಳಗಿನ ಉದ್ಯಾನದಲ್ಲಿ ಬುತ್ತಿ ಬಿಚ್ಚಬಹುದು, ಹೊರಗೆ ಕರಿದ ಮೀನು ಸಿಗುತ್ತದೆ.

ತೆರಕಣಾಂಬಿಯನ್ನು ಈಗ ನೆನಪಿಗೆ ತನ್ನಿ. ಹೊಯ್ಸಳರ ಕಾಲದಲ್ಲಿ ಅಲ್ಲಿಂದ ಆಳಿದ ಪೆರುಮಾಳೆ ದಂಡನಾಯಕನಿಗೆ ನೀಲಗಿರಿಯನ್ನು ಗೆದ್ದವನೆಂಬ ಬಿರುದಿತ್ತು. ಆ ಮನೆತನದ ದಂಡನಾಯಕರು ಈ ಸಂಗಮದಲ್ಲಿ ಕೋಟೆ ಕಟ್ಟಿಸಿದರು. ದಣ್ಣಾಯಕನಕೋಟೆ ಎಂಬ ಹೆಸರು ಅದರಿಂದ. ಮಾಧವ ಪೆರುಮಾಳ್ ಗುಡಿ ಆ ಕೋಟೆಯದು. ಅಣೆಕಟ್ಟು ತುಂಬಿದಾಗ ಕೋಟೆ, ಗುಡಿ, ಊರು ಎಲ್ಲ ಮುಳುಗಿದವು. ಜನ ಮೇಲೆದ್ದು ಹೋದರು. ಕೆಳಗಿನ ಜಿಲ್ಲೆಗಳ ಭತ್ತಕ್ಕೆ, ಅರಿಸಿನಕ್ಕೆ ಈ ಊರವರು ತೆತ್ತ ಬೆಲೆ ಅದು. ಮಳೆ ಕೈಕೊಟ್ಟ ವರ್ಷ ನೀರು ಬಹಳ ಇಳಿದರೆ ಕಲ್ಲಿನ ಗುಡಿ ಮೆಲ್ಲಗೆ ಹೊರಗೆ ಬರುತ್ತದೆ, ಸುತ್ತಲಿನವರು ನೋಡಲು ನೆರೆಯುತ್ತಾರೆ. ಗುಡಿ ಕಂಡ ವರ್ಷ ಕಾಲುವೆಯ ಕೊನೆಯ ರೈತನಿಗೆ ನೀರಿಲ್ಲ. ಜನವರಿಯಲ್ಲಿ ಹೋದವರಿಗೆ ಅದು ಕಾಣದಿದ್ದರೆ ಬೇಸರ ಪಡಬೇಡಿ.

ಭವಾನಿಯೂ ಮುಂದೆ ಭವಾನಿ ಪಟ್ಟಣದ ಕೂಡುತುರೈಯಲ್ಲಿ ಕಾವೇರಿ ಸೇರುತ್ತದೆ. ಪೂಕೋಡಿನ ನೀರು ಉತ್ತರದಿಂದ ಸುತ್ತಿ, ಪೈಕಾರದ, ಊಟಿಯ ನೀರು ದಕ್ಷಿಣದಿಂದ ಸುತ್ತಿ ಅಲ್ಲಿ ಒಂದಾಗುತ್ತವೆ. ತಾಳವಾಡಿಯ ಬಯಲಿನ ಮಳೆಯಾದರೋ ಚಿಕ್ಕಹೊಳೆ, ಸುವರ್ಣಾವತಿಗಳಾಗಿ ಚಾಮರಾಜನಗರದ ಕಡೆಯಿಂದ ಅದೇ ಕಾವೇರಿಗೆ ಹೋಗುತ್ತದೆ. ನಾಲ್ಕು ದಿನ ಮೂರು ರಾಜ್ಯ ತಿರುಗಿದರೂ ನೀವು ನೋಡಿದ ನಾಲ್ಕು ಕೆರೆಗಳ ನೀರು ಕೊನೆಗೆ ಸೇರುವುದು ಒಂದೇ ಹೊಳೆಗೆ.

ಹೊತ್ತು ಇಳಿಯುವ ಮೊದಲು ಬಣ್ಣಾರಿ ಅಮ್ಮನಿಗೆ ಕೈಮುಗಿದು ದಿಂಬಂ ಘಾಟಿಯ 27 ತಿರುವು ಹತ್ತಿಬಿಡಿ. 2022ರ ಫೆಬ್ರವರಿಯಿಂದ ಅಲ್ಲಿ ರಾತ್ರಿ ಸಂಚಾರಕ್ಕೆ ತಡೆಯಿರುವುದು ತಾಳವಾಡಿಯವರಿಗೆ ನಾನು ಹೇಳಬೇಕಾದ ಸಂಗತಿಯಲ್ಲ. ಹಾಸನೂರಿನಲ್ಲಿ ಒಂದು ಚಹಾ. ಅದನ್ನೂ ಪುಸ್ತಕದಲ್ಲಿ ಬರೆದು, ಉಳಿದ ಹಣವನ್ನು ಅಲ್ಲೇ ನಾಲ್ಕು ಪಾಲು ಮಾಡಿಕೊಳ್ಳಿ.