ಹಗಲು ದೀಪವುಳ್ಳ ಕಾರಿಗೆ ಎಚ್‌ಐಡಿ ಹೆಡ್‌ಲೈಟ್: ಬಿಡಿಭಾಗ ವರ್ತಕರು ಅರಿತಿರಬೇಕಾದ ಸಂಗತಿಗಳು

ವಾಹನ ಬಿಡಿಭಾಗಗಳ ವ್ಯಾಪಾರದಲ್ಲಿ ಹೆಡ್‌ಲೈಟ್ ಬದಲಾವಣೆಗೆ ಬೇಡಿಕೆ ಎಂದೂ ಕುಂದಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಮೊದಲುಗೊಂಡು ಜಿಲ್ಲಾ ಕೇಂದ್ರಗಳ ಸಣ್ಣ ಮಳಿಗೆಗಳವರೆಗೆ, ಕಾರಿನೊಡನೆ ಬಂದ ಹ್ಯಾಲೊಜನ್ ಬಲ್ಬನ್ನು ತೆಗೆದು ಹೆಚ್ಚು ಪ್ರಖರವಾದ ದೀಪವನ್ನು ಅಳವಡಿಸಿಕೊಡಿರೆಂದು ಕೇಳುವ ಗ್ರಾಹಕರಿದ್ದಾರೆ. ಕಾರಿಗೆ ಹಗಲು ದೀಪದ, ಅಂದರೆ ಡಿಆರ್‌ಎಲ್ ವ್ಯವಸ್ಥೆ ಇದ್ದಲ್ಲಿ ಈ ಕೆಲಸ ಅನೇಕ ವೇಳೆ ದೂರಿನಲ್ಲಿ ಕೊನೆಗೊಳ್ಳುತ್ತದೆ. ದೀಪ ಮಿನುಗುತ್ತದೆ, ಒಂದು ಬದಿಯದು ಹೊತ್ತುವುದೇ ಇಲ್ಲ, ಕೆಲವು ವಾರಗಳಲ್ಲಿ ಕಿಟ್ಟೇ ಕೆಟ್ಟುಹೋಗುತ್ತದೆ. ಇದಕ್ಕೆ ಕಿಟ್ಟಿನ ಗುಣಮಟ್ಟವೊಂದೇ ಕಾರಣವಲ್ಲ. ಇಲ್ಲಿ ಅಡಗಿರುವ ತೊಡಕುಗಳು ಎರಡು: ಒಂದು ವಿದ್ಯುತ್ತಿಗೆ ಸಂಬಂಧಿಸಿದ್ದು, ಮತ್ತೊಂದು ಬೆಳಕಿಗೆ ಸಂಬಂಧಿಸಿದ್ದು. ಮೊದಲನೆಯದಕ್ಕೆ ತಂತಿ ಜೋಡಣೆಯಲ್ಲಿ ಪರಿಹಾರವುಂಟು; ಎರಡನೆಯದಕ್ಕೆ ಇಲ್ಲ. ಈ ವ್ಯತ್ಯಾಸವನ್ನು ಅರಿಯದೆ ವ್ಯಾಪಾರ ಮಾಡುವವರು ಇಂದು ಕಾನೂನಿನ ಹೊಣೆಯನ್ನೂ ಹೊರಬೇಕಾದೀತು.

ಎರಡು ದೀಪಗಳ ಗುಣಭೇದ

ಹ್ಯಾಲೊಜನ್ ಬಲ್ಬಿನಲ್ಲಿ ಟಂಗ್‌ಸ್ಟನ್ ತಂತು ಕಾದು ಬೆಳಗುತ್ತದೆ. ವಿದ್ಯುತ್ ಕಡಿಮೆಯಾದರೆ ಬೆಳಕು ಮಂದವಾಗುತ್ತದೆ, ಆದರೆ ದೀಪ ಆರುವುದಿಲ್ಲ. ಎಚ್‌ಐಡಿ ದೀಪದಲ್ಲಿ ತಂತುವೇ ಇರುವುದಿಲ್ಲ. ಕ್ವಾರ್ಟ್ಜ್ ಕೋಶದೊಳಗಿನ ಎರಡು ಎಲೆಕ್ಟ್ರೋಡ್‌ಗಳ ನಡುವೆ, ಜೆನಾನ್ ಅನಿಲ ಮತ್ತು ಲೋಹದ ಲವಣಗಳ ಆವಿಯಲ್ಲಿ ವಿದ್ಯುತ್ ಕಿಡಿಯು ನಿರಂತರವಾಗಿ ಉರಿಯುತ್ತದೆ. ಈ ಕಿಡಿಯನ್ನು ಹೊತ್ತಿಸಲು ಸುಮಾರು 20,000 ವೋಲ್ಟ್‌ಗಳ ಆಘಾತ ಬೇಕು. ಹೊತ್ತಿದ ಬಳಿಕ ಅದನ್ನು ಉಳಿಸಿಕೊಳ್ಳಲು ಸುಮಾರು 85 ವೋಲ್ಟ್ ಸಾಕು. ಈ ಎರಡೂ ಕೆಲಸಗಳನ್ನು ಬ್ಯಾಲಸ್ಟ್ ಎಂಬ ಪೆಟ್ಟಿಗೆ ನಿರ್ವಹಿಸುತ್ತದೆ.

1991ರಲ್ಲಿ ಬಿಎಂಡಬ್ಲ್ಯು 7 ಸರಣಿಯ ಕಾರಿನಲ್ಲಿ ಮೊದಲ ಬಾರಿಗೆ ಬಂದ ಈ ದೀಪದ ಆಕರ್ಷಣೆ ಸಹಜವಾದುದು. 55 ವ್ಯಾಟ್‌ನ ಎಚ್7 ಹ್ಯಾಲೊಜನ್ ಬಲ್ಬು ಸುಮಾರು 1500 ಲ್ಯೂಮೆನ್ ಬೆಳಕು ಕೊಟ್ಟರೆ, 35 ವ್ಯಾಟ್‌ನ ಡಿ2ಎಸ್ ಎಚ್‌ಐಡಿ ದೀಪ ಸುಮಾರು 3200 ಲ್ಯೂಮೆನ್ ಕೊಡುತ್ತದೆ. ಕಡಿಮೆ ವಿದ್ಯುತ್ತಿಗೆ ಎರಡು ಪಟ್ಟು ಬೆಳಕೆಂಬುದು ದಿಟ. ಆದರೆ ಅದನ್ನು ಪಡೆಯಲು ಬ್ಯಾಲಸ್ಟ್‌ಗೆ ಸ್ಥಿರವಾದ ಪೂರ್ಣ ವೋಲ್ಟೇಜ್ ದೊರೆಯಲೇಬೇಕು. ಎಚ್‌ಐಡಿ ಒಂದೋ ಉರಿಯುತ್ತದೆ, ಇಲ್ಲವೇ ಆರುತ್ತದೆ. ಹ್ಯಾಲೊಜನ್‌ನಂತೆ ಅರೆಬೆಳಕು ಅದಕ್ಕೆ ಸಲ್ಲದು.

ಹಗಲು ದೀಪ ಅಡ್ಡಿಯಾಗುವ ಬಗೆ

ಎದುರಿನವರಿಗೆ ವಾಹನ ಎದ್ದು ಕಾಣಲೆಂದು ಹಗಲಿನಲ್ಲೂ ದೀಪ ಉರಿಸುವ ನಿಯಮವನ್ನು ಸ್ವೀಡನ್ 1977ರಲ್ಲಿ ಜಾರಿಗೆ ತಂದಿತು. ಕೆನಡಾ 1989ರ ಡಿಸೆಂಬರ್‌ನಿಂದ ತಯಾರಾದ ಹೊಸ ವಾಹನಗಳಲ್ಲಿ ಹಗಲು ದೀಪವನ್ನು ಕಡ್ಡಾಯಗೊಳಿಸಿತು. ಐರೋಪ್ಯ ಒಕ್ಕೂಟವು 2011ರ ಫೆಬ್ರವರಿಯಿಂದ ಹೊಸ ಮಾದರಿಯ ಕಾರುಗಳಿಗೆ ಇದನ್ನು ಅನ್ವಯಿಸಿತು.

ಕಾರು ತಯಾರಕರು ಹಗಲು ದೀಪವನ್ನು ಮೂರು ಬಗೆಯಲ್ಲಿ ಒದಗಿಸಿದ್ದಾರೆ. ಮೊದಲನೆಯದು, ಪ್ರತ್ಯೇಕ ಬಲ್ಬು ಅಥವಾ ಎಲ್‌ಇಡಿ ಪಟ್ಟಿ. ಇದು ಹೆಡ್‌ಲೈಟಿನ ಗೊಡವೆಗೆ ಹೋಗುವುದಿಲ್ಲ. ಎರಡನೆಯದು, ಎರಡೂ ಹೈ ಬೀಮ್ ಬಲ್ಬುಗಳನ್ನು ಸರಣಿಯಲ್ಲಿ ಜೋಡಿಸಿ ತಲಾ ಅರ್ಧ ವೋಲ್ಟೇಜ್ ಹರಿಸುವುದು. ಉತ್ತರ ಅಮೆರಿಕದ ಅನೇಕ ಕಾರುಗಳಲ್ಲಿ ಈ ವಿಧಾನವಿತ್ತು. ಮೂರನೆಯದು, ಹೆಡ್‌ಲೈಟ್ ಬಲ್ಬಿಗೇ ವಿದ್ಯುತ್ತನ್ನು ಸೆಕೆಂಡಿಗೆ ಹತ್ತಾರು ಅಥವಾ ನೂರಾರು ಬಾರಿ ಕಡಿದು ಕಡಿದು ಕಳುಹಿಸಿ ಸರಾಸರಿಯನ್ನು ತಗ್ಗಿಸುವುದು. ತಂತು ಬೇಗ ತಣಿಯದ ಕಾರಣ ಹ್ಯಾಲೊಜನ್ ಬಲ್ಬಿನಲ್ಲಿ ಈ ಕಡಿತ ಕಣ್ಣಿಗೆ ಕಾಣದು.

ಎರಡನೆಯ ಅಥವಾ ಮೂರನೆಯ ಬಗೆಯ ಕಾರಿಗೆ ಎಚ್‌ಐಡಿ ಕಿಟ್ ಜೋಡಿಸಿದಾಗ ತೊಂದರೆ ಆರಂಭವಾಗುತ್ತದೆ. 12 ವೋಲ್ಟ್ ನಿರೀಕ್ಷಿಸುವ ಬ್ಯಾಲಸ್ಟ್‌ಗೆ 6 ವೋಲ್ಟ್ ದೊರೆತರೆ ಅದು ದೀಪವನ್ನು ಹೊತ್ತಿಸಲಾರದು. ಕಡಿದು ಕಡಿದು ಬರುವ ವಿದ್ಯುತ್ ದೊರೆತರೆ ಹೊತ್ತಿಸಲು ಮತ್ತೆ ಮತ್ತೆ ಯತ್ನಿಸಿ ಸೋಲುತ್ತದೆ. ಪ್ರತಿ ಯತ್ನದಲ್ಲೂ ಎಲೆಕ್ಟ್ರೋಡ್ ಸವೆಯುತ್ತದೆ, ಬ್ಯಾಲಸ್ಟ್ ಬಿಸಿಯಾಗುತ್ತದೆ. ಗ್ರಾಹಕರು ಹಗಲೆಲ್ಲ ಕಾರು ಓಡಿಸುವುದರಿಂದ ಈ ಹಾನಿ ಸದ್ದಿಲ್ಲದೆ ನಡೆದು, ರಾತ್ರಿ ದೀಪ ಬೇಕಾದಾಗ ಬಯಲಾಗುತ್ತದೆ.

ತಂತಿ ಜೋಡಣೆಯಲ್ಲಿನ ಪರಿಹಾರ

ಹ್ಯಾಲೊಜನ್ ಬಲ್ಬು ಸುಮಾರು 4 ಆಂಪಿಯರ್ ವಿದ್ಯುತ್ ಎಳೆಯುತ್ತದೆ. ಎಚ್‌ಐಡಿ ಉರಿಯುವಾಗ ಇದಕ್ಕಿಂತ ಕಡಿಮೆ ಸಾಕಾದರೂ, ಹೊತ್ತುವ ಮೊದಲ ಕೆಲವು ಸೆಕೆಂಡುಗಳಲ್ಲಿ ಇದರ ಎರಡು ಪಟ್ಟಿಗೂ ಹೆಚ್ಚು ಎಳೆಯಬಲ್ಲದು. ಆದ್ದರಿಂದ ಮೂಲ ಹೆಡ್‌ಲೈಟ್ ತಂತಿಯಿಂದ ಬ್ಯಾಲಸ್ಟ್‌ಗೆ ವಿದ್ಯುತ್ ಪಡೆಯುವುದು ಸರಿಯಲ್ಲ. ಬ್ಯಾಟರಿಯಿಂದ ಫ್ಯೂಸ್ ಸಹಿತ ನೇರ ತಂತಿ ಎಳೆದು, ನಡುವೆ ರಿಲೇ ಇರಿಸಿ, ಮೂಲ ತಂತಿಯನ್ನು ಆ ರಿಲೇಗೆ ಸೂಚನೆ ನೀಡಲು ಮಾತ್ರ ಬಳಸುವುದು ಕ್ರಮ.

ಹಗಲು ದೀಪವಿರುವ ಕಾರಿಗೆ ಇಷ್ಟೇ ಸಾಲದು. ಕಡಿದು ಬರುವ ಸೂಚನೆಗೆ ರಿಲೇ ಕೂಡ ಪಟಪಟನೆ ಬಡಿದುಕೊಳ್ಳುತ್ತದೆ. ಹಗಲು ದೀಪದ ಕಾರ್ಯವನ್ನು ತಯಾರಕರ ಕೈಪಿಡಿಯಲ್ಲಿ ಹೇಳಿದ ಕ್ರಮದಲ್ಲಿ ನಿಲ್ಲಿಸಿ, ಅಗತ್ಯವಿದ್ದಲ್ಲಿ ಪ್ರತ್ಯೇಕ ಎಲ್‌ಇಡಿ ಹಗಲು ದೀಪ ಒದಗಿಸುವುದು ಇದಕ್ಕೆ ನೇರವಾದ ಮಾರ್ಗ. ಸೂಚನೆಯ ತಂತಿಗೆ ಕೆಪಾಸಿಟರ್ ಜೋಡಿಸಿ ಏರಿಳಿತವನ್ನು ಸಮಗೊಳಿಸುವುದೂ ರೂಢಿಯಲ್ಲಿದೆ. ಆದರೆ ಹಾಗೆ ಮಾಡಿದಲ್ಲಿ ಎಚ್‌ಐಡಿ ಹಗಲಿಡೀ ಪೂರ್ಣ ಪ್ರಖರತೆಯಲ್ಲಿ ಉರಿಯುವ ಸಂಭವವಿದೆ. ಹೈ ಬೀಮ್‌ನಲ್ಲಿ ಹಗಲು ದೀಪವಿರುವ ಕಾರಿಗೆ ಇದು ಸರ್ವಥಾ ಸಲ್ಲದು. ಜೋಡಣೆ ಮಾಡುವ ಆಟೋ ಎಲೆಕ್ಟ್ರಿಷಿಯನ್‌ಗಳು ಬ್ಯಾಲಸ್ಟ್ ಮತ್ತು ದೀಪದ ನಡುವಣ ಹೆಚ್ಚು ವೋಲ್ಟೇಜಿನ ತಂತಿಯನ್ನು ವಿದ್ಯುತ್ ಇರುವಾಗ ಮುಟ್ಟಬಾರದೆಂಬುದನ್ನು ಮಳಿಗೆಯ ಮಾಲೀಕರು ಖಚಿತಪಡಿಸಿಕೊಳ್ಳಬೇಕು.

ಬೆಳಕಿನ ತೊಡಕು

ಇಷ್ಟೆಲ್ಲ ಮಾಡಿ ದೀಪ ಸ್ಥಿರವಾಗಿ ಉರಿದರೂ ಮುಖ್ಯ ತೊಡಕು ಉಳಿದೇ ಇರುತ್ತದೆ. ಹೆಡ್‌ಲೈಟಿನ ಪ್ರತಿಫಲಕವನ್ನು ಒಂದು ನಿರ್ದಿಷ್ಟ ಜಾಗದಲ್ಲಿರುವ, ನಿರ್ದಿಷ್ಟ ಆಕಾರದ ತಂತುವಿಗಾಗಿ ರೂಪಿಸಿರುತ್ತಾರೆ. ಎಚ್‌ಐಡಿಯ ಕಿಡಿ ತುಸು ಬಾಗಿರುತ್ತದೆ; ಅದರ ಗಾತ್ರವೂ ಬೆಳಕಿನ ಹಂಚಿಕೆಯೂ ಬೇರೆ. ಆದುದರಿಂದ ರಸ್ತೆಗೆ ಬೀಳಬೇಕಾದ ಬೆಳಕಿನ ಒಂದಂಶ ಮೇಲಕ್ಕೆ ಚದುರಿ ಎದುರಿನ ಚಾಲಕರ ಕಣ್ಣಿಗೆ ಬೀಳುತ್ತದೆ. ಕಾರಿನ ಬಳಿ ರಸ್ತೆ ತೀರ ಬೆಳಗಾಗಿ, ದೂರದ ದೃಷ್ಟಿ ಕುಂದುವುದೂ ಉಂಟು. ಚಾಲಕರಿಗೆ ಮಾತ್ರ ಬೆಳಕು ಹೆಚ್ಚಿದಂತೆಯೇ ತೋರುತ್ತದೆ. 6000 ಅಥವಾ 8000 ಕೆಲ್ವಿನ್ ಎಂದು ಮಾರುವ ನೀಲಿ ಛಾಯೆಯ ದೀಪಗಳು, ಕಾರ್ಖಾನೆಯಲ್ಲೇ ಅಳವಡಿಸುವ ಸುಮಾರು 4300 ಕೆಲ್ವಿನ್ ದೀಪಗಳಿಗಿಂತ ಕಡಿಮೆ ಬೆಳಕು ಕೊಡುತ್ತವೆ ಎಂಬುದನ್ನೂ ಗ್ರಾಹಕರಿಗೆ ತಿಳಿಸುವುದು ಲೇಸು.

ಕಾರ್ಖಾನೆಯಲ್ಲಿ ಎಚ್‌ಐಡಿ ಅಳವಡಿಸುವಾಗ ಅದಕ್ಕೆಂದೇ ರೂಪಿಸಿದ ಪ್ರೊಜೆಕ್ಟರ್ ಅಥವಾ ಪ್ರತಿಫಲಕವಿರುತ್ತದೆ. ಯುರೋಪಿನ ನಿಯಮಗಳು ಎಚ್‌ಐಡಿ ಬಳಕೆಗೆ ಬಂದ ಕಾಲದಲ್ಲಿ, 2000 ಲ್ಯೂಮೆನ್ ಮೀರಿದ ಲೋ ಬೀಮ್ ದೀಪಗಳೊಡನೆ ಭಾರಕ್ಕೆ ತಕ್ಕಂತೆ ತಾನಾಗಿ ಬಾಗುವ ವ್ಯವಸ್ಥೆಯನ್ನೂ ಗಾಜು ತೊಳೆಯುವ ಸಾಧನವನ್ನೂ ಕಡ್ಡಾಯಗೊಳಿಸಿದ್ದವು. ಕಿಟ್ಟಿನಲ್ಲಿ ಇವು ಯಾವುವೂ ಬರುವುದಿಲ್ಲ. ಹ್ಯಾಲೊಜನ್ ಹೆಡ್‌ಲೈಟಿಗೆ ಎಚ್‌ಐಡಿ ಜೋಡಿಸುವ ಕಿಟ್ ತನ್ನ 108ನೇ ಸುರಕ್ಷಾ ಮಾನದಂಡಕ್ಕೆ ಹೊಂದಲಾರದೆಂಬುದು ಅಮೆರಿಕದ ಹೆದ್ದಾರಿ ಸುರಕ್ಷಾ ಆಡಳಿತದ ನಿಲುವಾಗಿದೆ. ಮಾರುಕಟ್ಟೆಯಲ್ಲಿ ಎಚ್‌ಐಡಿ ಕಿಟ್ಟುಗಳ ಜಾಗವನ್ನು ಬಹುಮಟ್ಟಿಗೆ ಆಕ್ರಮಿಸಿರುವ ಎಲ್‌ಇಡಿ ಬಲ್ಬುಗಳಿಗೂ ಮೇಲಿನ ಎರಡೂ ತೊಡಕುಗಳು ಅನ್ವಯಿಸುತ್ತವೆ.

ಕಾನೂನು ಏನನ್ನುತ್ತದೆ?

1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೇ ನಿಯಮದಂತೆ, ದೀಪದಿಂದ 8 ಮೀಟರ್ ಮುಂದೆ, ವಾಹನದ ಬಲ ಅಂಚಿನಿಂದ ಅರ್ಧ ಮೀಟರ್ ಬಲಕ್ಕೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಣ್ಣುಳ್ಳ ವ್ಯಕ್ತಿಗೆ ಕೋರೈಸದಂತೆ ಬೆಳಕು ಕೆಳಮುಖವಾಗಿರಬೇಕು. ತಯಾರಕರ ಮೂಲ ವಿವರಣೆಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಮು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಎತ್ತಿಹಿಡಿಯಿತು. 2019ರ ತಿದ್ದುಪಡಿಯಿಂದ ಸೇರಿದ 182ಎ ಕಲಮಿನಂತೆ, ಅನುಮತಿಯಿಲ್ಲದ ಮಾರ್ಪಾಡು ಮಾಡಿದ ಮಾಲೀಕರಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5000 ರೂ. ದಂಡ, ಅಥವಾ ಎರಡನ್ನೂ ವಿಧಿಸಬಹುದು. ನಿರ್ಣಾಯಕ ಸುರಕ್ಷಾ ಭಾಗವೆಂದು ಕೇಂದ್ರ ಸರ್ಕಾರ ಅಧಿಸೂಚಿಸಿದ ಭಾಗವು ನಿಯಮಕ್ಕೆ ಹೊಂದದಿದ್ದರೂ ಮಾರುವವರಿಗೆ ಒಂದು ವರ್ಷದವರೆಗೆ ಸೆರೆವಾಸ ಅಥವಾ ಪ್ರತಿ ಭಾಗಕ್ಕೆ ಒಂದು ಲಕ್ಷ ರೂ. ದಂಡ, ಇಲ್ಲವೇ ಎರಡೂ ಇವೆ. ಕರ್ನಾಟಕ ಪೊಲೀಸರು 2024ರ ಜುಲೈನಲ್ಲಿ ಕಣ್ಣು ಕೋರೈಸುವ ದೀಪಗಳ ವಿರುದ್ಧ ವಿಶೇಷ ಕಾರ್ಯಾಚರಣೆ ಕೈಗೊಂಡದ್ದು ಓದುಗರ ನೆನಪಿನಲ್ಲಿರಬಹುದು.

ಇದರ ಜೊತೆಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಸೇವೆ ಒದಗಿಸುವವರ ಮೇಲೂ ಉತ್ಪನ್ನ ಹೊಣೆಗಾರಿಕೆಯನ್ನು ಹೊರಿಸಿದೆ. ಹಾನಿ ತಡೆಯಲು ಬೇಕಾದ ಸೂಚನೆ, ಎಚ್ಚರಿಕೆಗಳನ್ನು ಕೊಡದಿರುವುದೂ ಅದರಲ್ಲಿ ಸೇರಿದೆ. “ಗ್ರಾಹಕರು ಕೇಳಿದರು, ಹಾಕಿಕೊಟ್ಟೆವು” ಎಂಬ ಸಮಜಾಯಿಷಿಯಿಂದ ಪಾರಾಗಲಾಗದು.

ವರ್ತಕರು ಮಾಡಬಹುದಾದುದು

ರಾತ್ರಿ ಸರಿಯಾಗಿ ಕಾಣದೆಂದು ಬರುವ ಗ್ರಾಹಕರ ಅಗತ್ಯ ನಿಜವಾದುದು. ಅದನ್ನು ನಿಯಮದೊಳಗೇ ಪೂರೈಸಲು ಸಾಧ್ಯ. ಮೊದಲು ಬಲ್ಬಿನ ಬಳಿ ವೋಲ್ಟೇಜ್ ಅಳೆಯಬೇಕು. ಹ್ಯಾಲೊಜನ್ ಬಲ್ಬಿಗೆ ವೋಲ್ಟೇಜ್ ಶೇ. 10ರಷ್ಟು ತಗ್ಗಿದರೆ ಬೆಳಕು ಶೇ. 30ರಷ್ಟು ಕುಂದುತ್ತದೆ. ಹಳೆಯ ಕಾರುಗಳಲ್ಲಿ ಭೂಸಂಪರ್ಕವನ್ನು ಸ್ವಚ್ಛಗೊಳಿಸಿ ಹೊಸ ರಿಲೇ ಜೋಡಿಸಿದರೆ, ಮೂಲ ವ್ಯಾಟಿನ ಬಲ್ಬೇ ಹೊಸ ಕಳೆ ಪಡೆಯುತ್ತದೆ. ಹಗಲು ದೀಪ ಹೆಡ್‌ಲೈಟಿನಲ್ಲೇ ಇದ್ದರೆ ರಿಲೇಯ ಬದಲು ಮೂಲ ತಂತಿ ಮತ್ತು ಕನೆಕ್ಟರ್‌ಗಳನ್ನು ಸರಿಪಡಿಸುವುದು ಮೇಲು. ಬಿಸಿಲಿಗೆ ಹಳದಿಗಟ್ಟಿದ ಪಾಲಿಕಾರ್ಬೊನೇಟ್ ಮುಸುಕನ್ನು ಉಜ್ಜಿ ಹೊಳಪುಗೊಳಿಸುವುದು, ಹೊಳಪು ಕಳೆದ ಪ್ರತಿಫಲಕದ ಹೆಡ್‌ಲೈಟನ್ನು ಬದಲಿಸುವುದು, ಸಮತಟ್ಟಾದ ನೆಲದಲ್ಲಿ ಗೋಡೆಯ ಮೇಲೆ ಬೆಳಕಿನ ಅಂಚನ್ನು ನೋಡಿ ದಿಕ್ಕನ್ನು ಹೊಂದಿಸುವುದು ಇವೆಲ್ಲ ಆದಾಯ ತರುವ ಸೇವೆಗಳೇ. ಎಚ್‌ಐಡಿಯೇ ಬೇಕೆನ್ನುವವರಿಗೆ, ಅದೇ ಮಾದರಿಯ ಕಾರಿಗೆ ಅನುಮೋದಿತವಾದ ಸಂಪೂರ್ಣ ಹೆಡ್‌ಲೈಟ್ ಲಭ್ಯವಿದೆಯೇ ಎಂದು ತಯಾರಕರ ಅಧಿಕೃತ ಮಾರಾಟಗಾರರಲ್ಲಿ ವಿಚಾರಿಸಿ ತಿಳಿಸಬಹುದು. ಇಲ್ಲವೆಂದಾದರೆ ಇಲ್ಲವೆಂದೇ ಹೇಳಬೇಕು.

ಮಾರಾಟವನ್ನು ನಿರಾಕರಿಸುವುದು ವರ್ತಕರಿಗೆ ಸುಲಭವಲ್ಲ. ಪಕ್ಕದ ಮಳಿಗೆಯಲ್ಲಿ ಅದೇ ಕಿಟ್ ದೊರೆಯುವುದೆಂಬುದೂ ನಿಜ. ಆದರೂ ಮಿನುಗುವ ದೀಪಕ್ಕಾಗಿ ಮರಳಿ ಬರುವ ಗ್ರಾಹಕರಿಂದಾಗುವ ನಷ್ಟವನ್ನೂ, ಎದುರಿನಿಂದ ಬಂದು ಕ್ಷಣಕಾಲ ಕುರುಡಾದ ಚಾಲಕರಿಗೊದಗುವ ಅಪಾಯವನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ, ಒಂದು ಕಿಟ್ಟಿನ ಲಾಭ ದೊಡ್ಡದಲ್ಲ.