ಪಿಯಾನೊದೊಳಗಿನ ಉಣ್ಣೆ

ವರ್ಷಗಟ್ಟಲೆ ಮುಚ್ಚಿಟ್ಟ ಪಿಯಾನೊದ ಕೀ ಒತ್ತಿದಾಗ ಕೆಲವೊಮ್ಮೆ ಸ್ವರದ ಜೊತೆಗೇ ಮರಕ್ಕೆ ಮರ ಬಡಿದ ‘ಟಕ್’ ಸದ್ದು ಕೇಳುತ್ತದೆ. ಕೀಗಳ ಸಾಲು ಏರುಪೇರಾಗಿರುತ್ತದೆ. ಬೆರಳಿಟ್ಟರೆ ಎಡಕ್ಕೂ ಬಲಕ್ಕೂ ಅಲುಗಾಡುತ್ತವೆ. ತಂತಿ ನೆಟ್ಟಗಿದ್ದರೂ, ಶ್ರುತಿ ಸರಿಯಿದ್ದರೂ ಹೀಗಾಗಬಹುದು. ಕೀಗಳನ್ನು ಎತ್ತಿ ಕೆಳಗೆ ಟಾರ್ಚು ಹಿಡಿದರೆ ಕಾರಣ ಕಾಣುತ್ತದೆ: ಅಲ್ಲಿದ್ದ ಉಣ್ಣೆಯನ್ನು ಹುಳು ತಿಂದುಹಾಕಿದೆ.

ಪಿಯಾನೊ ಎಂದರೆ ಮರ, ಕಬ್ಬಿಣ, ತಂತಿ ಅಷ್ಟೇ ಎಂಬುದು ಹೆಚ್ಚಿನವರ ಎಣಿಕೆ. ವಾಸ್ತವದಲ್ಲಿ ಮರ ಮರಕ್ಕೆ, ಮರ ಲೋಹಕ್ಕೆ ತಾಗುವ ಬಹುತೇಕ ಕಡೆಗಳಲ್ಲಿ ಉಣ್ಣೆಯ ಬಟ್ಟೆಯೋ ಫೆಲ್ಟೋ ಇರುತ್ತದೆ. 88 ಕೀಗಳಲ್ಲಿ ಪ್ರತಿಯೊಂದೂ ಎರಡು ಲೋಹದ ಕಡ್ಡಿಗಳ ಮೇಲೆ ಕೂರುತ್ತದೆ. ಪ್ರತಿ ಕಡ್ಡಿಯ ಎರಡೂ ಪಕ್ಕಕ್ಕೆ ಒಂದೊಂದು ಬಟ್ಟೆಯ ಪಟ್ಟಿ. ಕೀಗಳಿಗೇ 352 ಪಟ್ಟಿಗಳಾದವು. ತಂತಿಯ ನಾದ ನಿಲ್ಲಿಸುವ ಡ್ಯಾಂಪರ್, ತಂತಿಗೆ ಬಡಿಯುವ ಸುತ್ತಿಗೆ, ಎಲ್ಲವೂ ಫೆಲ್ಟ್. ಮೊದಲು ಹೀಗಿರಲಿಲ್ಲ. ಇಟಲಿಯ ಬಾರ್ತೊಲೊಮಿಯೊ ಕ್ರಿಸ್ತೊಫೊರಿ 1700ರ ಸುಮಾರಿಗೆ ಪಿಯಾನೊ ಕಟ್ಟಿದಾಗ ಸುತ್ತಿಗೆಗಳಿಗೆ ತೊಗಲಿತ್ತು. 1826ರಲ್ಲಿ ಪ್ಯಾರಿಸ್ಸಿನ ಜಾನ್ ಆನ್ರಿ ಪಾಪ್ ಫೆಲ್ಟ್ ಸುತ್ತಿಗೆಗೆ ಪೇಟೆಂಟ್ ಪಡೆದ.

ಫೆಲ್ಟಿನ ಗುಣವೇ ಪಿಯಾನೊದ ಜೀವಾಳ. ಉಣ್ಣೆಯ ಎಳೆ ಸುರುಳಿಸುರುಳಿಯಾಗಿದ್ದು, ಮೈಮೇಲಿನ ಸೂಕ್ಷ್ಮ ಚಿಪ್ಪುಗಳಿಂದ ಒಂದಕ್ಕೊಂದು ಕಚ್ಚಿಕೊಳ್ಳುತ್ತದೆ. ಒತ್ತಿದಷ್ಟೂ ಬಿಗಿಯಾಗಿ, ಬಿಟ್ಟ ಕೂಡಲೇ ಮೊದಲಿನಂತಾಗುತ್ತದೆ. ಸುತ್ತಿಗೆ ಮೆಲ್ಲನೆ ತಾಗಿದರೆ ಮೇಲ್ಪದರ ಮಾತ್ರ ಅಮರಿ ಮೃದುವಾದ ನಾದ ಬರುತ್ತದೆ. ಜೋರಾಗಿ ಬಡಿದರೆ ಒಳಗಿನ ಗಟ್ಟಿ ಪದರವೂ ಸೇರಿ ಪ್ರಖರ ನಾದ. ವಾದಕನ ಬೆರಳಿನ ಭಾವ ತಂತಿಗೆ ತಲುಪುವುದು ಈ ಉಣ್ಣೆಯ ಮೂಲಕ.

ಅದನ್ನೇ ಬಟ್ಟೆ ಪತಂಗದ ಮರಿ ತಿನ್ನುತ್ತದೆ. ಬೆಳೆದ ಪತಂಗ ಏನೂ ತಿನ್ನುವುದಿಲ್ಲ. ಹೆಣ್ಣು ನಲವತ್ತು–ಐವತ್ತು ಮೊಟ್ಟೆಯಿಟ್ಟು ಸಾಯುತ್ತದೆ. ಹಾನಿಯೆಲ್ಲ ಮರಿಹುಳುವಿನದು. ಉಣ್ಣೆಯಲ್ಲಿರುವ ಕೆರಾಟಿನ್ ಎಂಬ ಪ್ರೋಟೀನನ್ನು ಗಂಧಕದ ಬಂಧಗಳು ಬಿಗಿದಿರುವುದರಿಂದ ಹೆಚ್ಚಿನ ಪ್ರಾಣಿಗಳಿಗೆ ಅದು ಜೀರ್ಣವಾಗದು. ಈ ಹುಳುವಿನ ಕರುಳಿನೊಳಗಿನ ಕ್ಷಾರೀಯ ರಸ ಆ ಬಂಧಗಳನ್ನೇ ಬಿಡಿಸುತ್ತದೆ. ಕರ್ನಾಟಕದ ಮನೆಗಳ ಗೋಡೆಯ ಮೇಲೆ ಸೌತೆಬೀಜದಂಥ ಬೂದು ಚೀಲ ಹೊತ್ತು ತೆವಳುವ ಹುಳು ಇದೇ ಟಿನೈಡೇ ಕುಟುಂಬದ್ದು. ಕತ್ತಲೆ, ಧೂಳು, ಯಾರೂ ಕೈಯಾಡಿಸದ ಜಾಗ ಇವಕ್ಕೆ ಪ್ರೀತಿ. ಹೀಗಾಗಿ ನುಡಿಸದ ಪಿಯಾನೊಗೇ ಅಪಾಯ ಹೆಚ್ಚು. ಕೀಗಳ ಅಡಿಯಲ್ಲಿ ರೇಷ್ಮೆಯಂಥ ಬಲೆ, ಅದರೊಳಗೆ ಸಣ್ಣ ಹಿಕ್ಕೆ. ಕೆಂಪು ಫೆಲ್ಟ್ ತಿಂದಿದ್ದರೆ ಹಿಕ್ಕೆಯೂ ಕೆಂಪು, ಹಸಿರು ತಿಂದಿದ್ದರೆ ಹಸಿರು.

ಎರಡನೆಯ ಶತ್ರು ಮರದ ಕುಟ್ಟೆ ಹುಳು. ಮರದಲ್ಲಿ ತೂತು ಕಂಡ ಮಾತ್ರಕ್ಕೆ ಗಾಬರಿ ಬೇಡ. ಹುಳು ಹೊರಬಿದ್ದು ದಶಕಗಳೇ ಕಳೆದಿರಬಹುದು. ತೂತಿನ ಕೆಳಗೆ ತಿಳಿಬಣ್ಣದ ಹೊಸ ಪುಡಿ ಉದುರುತ್ತಿದ್ದರೆ ಮಾತ್ರ ಒಳಗೆ ಹುಳು ಬದುಕಿದೆ. ಅದು ಶ್ರುತಿಯ ಮೊಳೆಗಳನ್ನು ಹಿಡಿದ ಮರದ ದಿಮ್ಮಿಗೆ ನುಗ್ಗಿದ್ದರೆ ದುರಸ್ತಿಯ ಲೆಕ್ಕವೇ ಬೇರೆ. ಎಲ್ಲ ತಂತಿಗಳ ಒಟ್ಟು ಎಳೆತ 18ರಿಂದ 20 ಟನ್. ಆ ಬಲದ ಮುಖ್ಯ ಹೊರೆ ಕಬ್ಬಿಣದ ಚೌಕಟ್ಟಿನದು. ಆದರೆ ಮೊಳೆ ಜಾರದಂತೆ ಹಿಡಿಯಬೇಕಾದ್ದು ಮರ. ಜೊಳ್ಳಾದ ದಿಮ್ಮಿಗೆ ಅಂಟು ತುಂಬಿಸಿ ಪ್ರಯೋಜನವಿಲ್ಲ, ಬದಲಾಯಿಸಲೇಬೇಕು.

ದುರಸ್ತಿ ಶುರುವಾಗುವುದು ಕೊಲ್ಲುವುದರಿಂದ. ಪಿಯಾನೊದೊಳಗೆ ನುಸಿಗುಳಿಗೆ ಇಡುವುದು ಹಳೆಯ ರೂಢಿ. ಅದರ ಆವಿ ಮುಚ್ಚಿದ ಡಬ್ಬಿಯಲ್ಲಿ ದಟ್ಟವಾದರೆ ಮಾತ್ರ ಹುಳುವನ್ನು ಕೊಲ್ಲುತ್ತದೆ. ಎಲ್ಲೆಡೆ ಸಂದಿಯಿರುವ ಪಿಯಾನೊದಲ್ಲಿ ವಾಸನೆಯಷ್ಟೇ ಉಳಿಯುತ್ತದೆ. ವಸ್ತುಸಂಗ್ರಹಾಲಯಗಳು ಉಣ್ಣೆಯ ವಸ್ತುಗಳಿಗೆ ಮಾಡುವಂತೆ, ಬಿಡಿಸಿ ತೆಗೆದ ಭಾಗಗಳನ್ನು ಪಾಲಿಥೀನಿನಲ್ಲಿ ಗಾಳಿಯಾಡದಂತೆ ಸುತ್ತಿ ಮೈನಸ್ 30 ಡಿಗ್ರಿಯಲ್ಲಿ ಮೂರು ದಿನ, ಮೈನಸ್ 18ರಲ್ಲಾದರೆ ಎರಡು ವಾರ ಇಡಬಹುದು. ಹೊರತೆಗೆದ ಮೇಲೆ ಕೋಣೆಯ ಬಿಸಿಗೆ ಬರುವವರೆಗೂ ಸುತ್ತು ಬಿಚ್ಚಬಾರದು; ಬಿಚ್ಚಿದರೆ ತೇವ ಕೂತು ಮರ ಉಬ್ಬುತ್ತದೆ.

ಆಮೇಲಿನದು ತಾಳ್ಮೆಯ ಕೆಲಸ. ಕೀಯ ತೂತಿನಲ್ಲಿ ಉಳಿದ ಹಳೆ ಬಟ್ಟೆಗೆ ಹಬೆ ಹಿಡಿದರೆ ಸರೇಸು ಸಡಿಲಾಗಿ ಬಟ್ಟೆ ಬಿಟ್ಟುಕೊಳ್ಳುತ್ತದೆ. ಹೊಸ ಪಟ್ಟಿಗೂ ಬಿಸಿ ಸರೇಸನ್ನೇ ಹಚ್ಚುವುದು ಉತ್ತಮ. ಮುಂದೊಮ್ಮೆ ಇನ್ನೊಬ್ಬ ಕುಶಲಕರ್ಮಿ ಅದನ್ನು ಮರಕ್ಕೆ ನೋವಾಗದಂತೆ ಕೀಳಬಲ್ಲ. ಪಟ್ಟಿ ಒಳಗೆ ಕೂತ ಕೂಡಲೇ ಅಳತೆಯ ಮರದ ಬೆಣೆ ಸಿಕ್ಕಿಸಿ, ಒಣಗಿದ ಮೇಲೆ ಹೆಚ್ಚಿನ ಬಟ್ಟೆಯನ್ನು ಹರಿತ ಬ್ಲೇಡಿನಿಂದ ಕೊಯ್ಯುತ್ತಾರೆ. ಪಟ್ಟಿ ತುಸು ದಪ್ಪವಾದರೆ ಮಳೆಗಾಲದಲ್ಲಿ ಕೀ ಸಿಕ್ಕಿಕೊಳ್ಳುತ್ತದೆ, ತೆಳುವಾದರೆ ಮತ್ತೆ ಅಲುಗಾಟ.

ಇಷ್ಟು ನಿಖರತೆ ಯಾಕೆಂದರೆ ಪಿಯಾನೊದ ಸನ್ನೆಗಳು ಚಲನೆಯನ್ನು ಹಿಗ್ಗಿಸುತ್ತವೆ. ಕೀ ಸುಮಾರು 10 ಮಿಲಿಮೀಟರ್ ಇಳಿದರೆ ಸುತ್ತಿಗೆ 45 ಮಿಲಿಮೀಟರಿನಷ್ಟು ಚಲಿಸುತ್ತದೆ. ಕೀಯ ಹಿಂಬದಿಯ ಫೆಲ್ಟಿನಲ್ಲಿ ಹುಳು ಒಂದು ಮಿಲಿಮೀಟರ್ ತಿಂದರೆ ಸುತ್ತಿಗೆ ತನ್ನ ಜಾಗದಿಂದ ಹಲವು ಮಿಲಿಮೀಟರ್ ಕೆಳಗಿಳಿದು ಕೂರುತ್ತದೆ. ಅದಕ್ಕೇ ಹೊಸ ಫೆಲ್ಟ್ ಹಾಕಿದ ಮೇಲೂ ತೆಳುಕಾಗದದ ಬಿಲ್ಲೆಗಳನ್ನು ಒಂದೊಂದಾಗಿ ಸೇರಿಸಿ, ತೆಗೆದು 88 ಕೀಗಳ ಮಟ್ಟ ಹೊಂದಿಸಬೇಕು.

ಸುತ್ತಿಗೆಯ ಮೇಲ್ಮೈ ಮಾತ್ರ ಕೆದರಿದ್ದರೆ ಮರಳು ಕಾಗದದಿಂದ ಒಂದು ಪದರ ಸವರಿದರೆ ಸಾಕು. ಆಳಕ್ಕೆ ಹೋಗಿದ್ದರೆ ಇಡೀ ಸೆಟ್ ಬದಲಿಸುವುದೇ ಸರಿ. ಹಳೆಯವುಗಳ ನಡುವೆ ನಾಲ್ಕು ಹೊಸವು ಬೇರೆಯೇ ದನಿ ಕೊಡುತ್ತವೆ. ಹೊಸ ಫೆಲ್ಟಿಗೆ ಸೂಜಿ ಚುಚ್ಚಿ ಚುಚ್ಚಿ ಎಳೆಗಳನ್ನು ಸಡಿಲಿಸಿ ನಾದವನ್ನು ಹದಕ್ಕೆ ತರುತ್ತಾರೆ.

ಬಳಿಕ ಪಿಯಾನೊದ ಹತ್ತಿರ ಫೆರೊಮೋನ್ ಹಚ್ಚಿದ ಅಂಟುಬಲೆ ಇಡುವುದುಂಟು. ಅದಕ್ಕೆ ಗಂಡು ಪತಂಗಗಳು ಮಾತ್ರ ಬೀಳುತ್ತವೆ. ಆದ್ದರಿಂದ ಅದು ಔಷಧಿಯಲ್ಲ, ಮನೆಯಲ್ಲಿ ಪತಂಗ ಇದೆಯೋ ಇಲ್ಲವೋ ಎಂಬ ಸುಳಿವು. ಬಿದ್ದರೆ ಪಿಯಾನೊವನ್ನಷ್ಟೇ ಅಲ್ಲ, ಪಕ್ಕದ ಉಣ್ಣೆಯ ಜಮಖಾನ, ಕಪಾಟಿನ ಹಳೆ ಕಂಬಳಿ, ವೆಂಟಿಲೇಟರಿನಲ್ಲಿ ಪಾರಿವಾಳ ಬಿಟ್ಟುಹೋದ ಗೂಡನ್ನೂ ಹುಡುಕಬೇಕು.