ಮಿದುಳನ್ನು ಕಾಯುವ ಅಂಡಾಶಯ

“ಮಕ್ಕಳೆಲ್ಲ ಆದ್ವಲ್ಲ, ಇನ್ನು ಗರ್ಭಕೋಶ ಇಟ್ಕೊಂಡು ಏನ್ಮಾಡೋದು? ತೆಗೆಸಿಬಿಡು!” ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಈ ಮಾತನ್ನು ನೀವೂ ಕೇಳಿರಬಹುದು. ಅತಿಸ್ರಾವ, ಗೆಡ್ಡೆ ಇದ್ದರೆ ಶಸ್ತ್ರಚಿಕಿತ್ಸೆ ಬೇಕಾದೀತು, ನಿಜ. ಆದರೆ ಅದರ ಜೊತೆಗೆ ಅಂಡಾಶಯವನ್ನೂ ತೆಗೆಯುತ್ತಾರೆಯೇ? ಇದನ್ನು ಕೇಳಲೇಬೇಕು ಸೋದರಿ. ಆ ಪುಟ್ಟ ಅಂಗಕ್ಕೂ ನಿಮ್ಮ ಮಿದುಳಿಗೂ ನಂಟಿದೆ.

ಅಂಡಾಶಯದಲ್ಲಿ ಹುಟ್ಟುವ ಈಸ್ಟ್ರೊಜೆನ್, ಪ್ರೊಜೆಸ್ಟೆರೋನ್ ಹಾರ್ಮೋನುಗಳು ಬರೀ ಮುಟ್ಟು, ಬಸಿರಿಗೆ ಅಲ್ಲ. ಈಸ್ಟ್ರೊಜೆನ್ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಪ್ರೊಜೆಸ್ಟೆರೋನ್ ಪೆಟ್ಟು ಬಿದ್ದ ಮಿದುಳಿನ ಊತವನ್ನು ತಗ್ಗಿಸುವುದು ಪ್ರಾಣಿಗಳಲ್ಲಿ ಕಂಡುಬಂದಿದೆ. ಇಲಿಗಳ ಮಿದುಳಿಗೆ ರಕ್ತ ತಡೆದು ನೋಡಿದಾಗ, ಗಂಡಿಗಿಂತ ಹೆಣ್ಣಿಲಿಗೆ ಕಡಿಮೆ ಹಾನಿ. ಅಂಡಾಶಯ ತೆಗೆದರೆ ಆ ಅನುಕೂಲವೂ ಹೋಯಿತು!

ಮನುಷ್ಯರಲ್ಲೂ ಇದರ ನೆರಳು ಕಾಣುತ್ತದೆ. ನಡುವಯಸ್ಸಿನಲ್ಲಿ ಲಕ್ವ ಹೊಡೆಯುವುದು ಗಂಡಸರಿಗೇ ಹೆಚ್ಚು. ಮುಟ್ಟು ನಿಂತ ಮೇಲೆ ಹೆಂಗಸರಿಗೂ ಅಪಾಯ ಏರುತ್ತದೆ. ನಮ್ಮ ದೇಶದಲ್ಲಿ ಮುಟ್ಟು ನಿಲ್ಲುವುದು ಸರಾಸರಿ 46-47ರ ವಯಸ್ಸಿಗೆ. ಅದಕ್ಕೂ ಮೊದಲೇ ಅಂಡಾಶಯ ತೆಗೆಸಿಕೊಂಡವರಲ್ಲಿ ಮುಂದೆ ಮರೆವಿನ ಕಾಯಿಲೆ ಹೆಚ್ಚೆಂದು ಅಮೆರಿಕದ ಮೇಯೋ ಕ್ಲಿನಿಕ್ಕಿನ ವೈದ್ಯರು 2007ರಲ್ಲಿ ತಿಳಿಸಿದರು.

“ಹಾಗಾದ್ರೆ ಹಾರ್ಮೋನ್ ಮಾತ್ರೆ ನುಂಗಿದ್ರಾಯ್ತು” ಅಂತೀರಾ? ಅಷ್ಟು ಸಲೀಸಲ್ಲ. ಮುಟ್ಟು ನಿಂತವರಿಗೆ ಎರಡೂ ಹಾರ್ಮೋನುಗಳನ್ನು ಕೊಟ್ಟು ನೋಡುತ್ತಿದ್ದ ಅಮೆರಿಕದ ದೊಡ್ಡ ಪರೀಕ್ಷೆಯನ್ನು 2002ರಲ್ಲಿ ನಡುವೆಯೇ ನಿಲ್ಲಿಸಿದರು. ಸ್ತನ ಕ್ಯಾನ್ಸರ್, ಲಕ್ವ ಹೆಚ್ಚಿದ್ದವು. ತಲೆಗೆ ಪೆಟ್ಟಾದವರಿಗೆ ಪ್ರೊಜೆಸ್ಟೆರೋನ್ ಕೊಟ್ಟ ಎರಡು ಪರೀಕ್ಷೆಗಳಲ್ಲೂ ಗುಣ ಕಾಣಲಿಲ್ಲವೆಂದು 2014ರಲ್ಲಿ ತಿಳಿಯಿತು. ಇಲಿಗೆ ಒಗ್ಗಿದ್ದು ನಮಗೆ ಒಗ್ಗಬೇಕೆಂದಿಲ್ಲ. ಚಿಕ್ಕ ವಯಸ್ಸಿಗೇ ಅಂಡಾಶಯ ಕಳೆದುಕೊಂಡವರಿಗೆ ಮಾತ್ರ, ಬೇರೆ ತೊಂದರೆ ಇಲ್ಲದಿದ್ದರೆ, ವೈದ್ಯರೇ ಕೆಲವು ವರ್ಷ ಹಾರ್ಮೋನ್ ಕೊಡುವುದುಂಟು.

ಆದ್ದರಿಂದ ಒಪ್ಪಿಗೆ ಚೀಟಿಗೆ ಸಹಿ ಹಾಕುವ ಮೊದಲು ಕೇಳಿ: ಔಷಧಿಯಲ್ಲೇ ವಾಸಿಯಾಗದೆ? ಅಂಡಾಶಯ ಉಳಿಸಬಹುದೆ? ತೆಗೆಯಲೇಬೇಕೆಂದರೆ ಕಾರಣವೇನು? ಕ್ಯಾನ್ಸರಿನ ಭಯವಿದ್ದರೆ ತೆಗೆಸುವುದೇ ಲೇಸಾಗಬಹುದು. ಸಂದೇಹವಿದ್ದರೆ ಇನ್ನೊಬ್ಬ ವೈದ್ಯರನ್ನು ಕಾಣಿ, ಸಂಕೋಚ ಬೇಡ.

ಇನ್ನೊಂದು ಮಾತು. ಹಾರ್ಮೋನು ಹೆಲ್ಮೆಟ್ ಅಲ್ಲ! ಯಜಮಾನರ ಸ್ಕೂಟರಿನ ಹಿಂದೆ ಮದ್ದೂರಿಗೆ ಹೊರಟರೂ ತಲೆಗೆ ಹೆಲ್ಮೆಟ್ ಇರಲಿ. ಮನೆಯಲ್ಲಿ ಯಾರದಾದರೂ ಬಾಯಿ ಸೊಟ್ಟಗಾದರೆ, ಕೈ ಬಿದ್ದುಹೋದರೆ, ಮಾತು ತೊದಲಿದರೆ ನಾಟಿ ಔಷಧಿಗೆ ಓಡದೆ 108ಕ್ಕೆ ಫೋನ್ ಮಾಡಿ. ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ಇರುವುದು ನಾಲ್ಕೂವರೆ ಗಂಟೆಯ ಅವಕಾಶ ಮಾತ್ರ.